ಹತ್ತು ನಿಮಿಷದ ಗಾಳಿ

ಕಂಪ್ಯೂಟರಿನ ತೆರೆಯ ಮೇಲೆ ಗೆರೆ ಸ್ವಲ್ಪ ದೂರ ನೆಟ್ಟಗೆ ಹರಿದು, ಏಳನೆಯ ನಿಮಿಷಕ್ಕೆ ಸರಿಯಾಗಿ ಮತ್ತೆ ಗುಡ್ಡವಾಗಿ ಎದ್ದು ನಿಂತಿತು. ಅದೇ ಗುಡ್ಡ, ಅದೇ ಜಾಗ. ಬೆಳಗಿನಿಂದ, ಪ್ರಯೋಗಕ್ಕೆಂದು ಊರಿನ ಗಾಳಿ ಎಳೆದು ತಂದ ಹನ್ನೊಂದು ಗಾಜಿನ ನಳಿಕೆಗಳಲ್ಲಿ ನೋಡಿದ್ದಾಗಿತ್ತು, ಇದು ಹನ್ನೆರಡನೆಯದು. ಗುಡ್ಡವೆಂದರೆ ವಿಷದ ಆವಿ ಸಿಕ್ಕಿತೆಂದು ಅರ್ಥ, ಹನ್ನೊಂದರಲ್ಲಿ ಬಂದದ್ದಕ್ಕೆ ಸಂತೋಷಪಡಬಹುದಿತ್ತು. ಆದರೆ ಈ ಕೊನೆಯದರ ಮುಚ್ಚಳವನ್ನು, ಊರು ಸುತ್ತಿ ಗಾಳಿ ಹಿಡಿದು ತರುವ ಗಾಳಿಯಕ್ಕ ತೆಗೆದೇ ಇರಲಿಲ್ಲ. ಚೀಲದಲ್ಲಿ ಒಯ್ದು ಹಾಗೆಯೇ ವಾಪಸ್ ತಂದಿದ್ದಳು. ಹೊರಗಿನ ಗಾಳಿಯ ಮುಖವನ್ನೇ ಕಾಣದ ನಳಿಕೆಯಲ್ಲಿ ಅಷ್ಟೇ ಎತ್ತರದ ಗುಡ್ಡ.

"ಭೇಷ್," ಎಂದರು ಮುಖ್ಯಸ್ಥರು, ಬಾಗಿಲಿಗೆ ಒರಗಿ ನಿಂತು. "ಗಾಳಿ ಒಳಗೆ ಹೋಗದೇ ಇದ್ರೂ ವಿಷ ಹಿಡಿಯುತ್ತೆ ನಿಮ್ಮ ಹೊಸ ವಿದ್ಯೆ. ನಾಳೆಯಿಂದ ಊರು ಸುತ್ತೋದೂ ಬೇಡ, ಇಲ್ಲೇ ಕೂತು ಅಳೆದುಬಿಡಿ."

ಗಾಳಿ ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಬೆನ್ನ ಹಿಂದೆ ಅವರಿಗೆ ಸರಾಸರಿ ಸಾಹೇಬರು ಎಂದು ಹೆಸರು. ಯಾವ ಮಾತನ್ನಾದರೂ 'ಒಟ್ಟಾರೆ ಸರಾಸರಿ ನೋಡಿದ್ರೆ' ಎಂದೇ ಶುರುಮಾಡುವವರು. ಕೆಟ್ಟವರೇನಲ್ಲ. ನಿಯಮದ ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೂ ಇರುವುದಿಲ್ಲ ಎಂದು ನಂಬಿ ಕೂದಲು ನರೆಸಿಕೊಂಡವರು, ಅಷ್ಟೆ.

ಯಂತ್ರದ ಮುಂದೆ ಕೂತಿದ್ದ ಕೆಮಿಸ್ಟ್ ಹುಡುಗಿ ತುಟಿ ಕಚ್ಚಿಕೊಂಡಳು. ಈ ವಿಧಾನವನ್ನು ಎಂಟು ತಿಂಗಳಿಂದ ಪಳಗಿಸುತ್ತಿದ್ದವಳು ಅವಳು. "ಸರ್, ಎಲ್ಲೋ ಏನೋ ಸೇರ್ಕೊಂಡಿದೆ. ಒಂದು ದಿನ ಕೊಡಿ."

"ದಿನ ಎಲ್ಲಿದೆಯಮ್ಮ? ಇವತ್ತು ಸೋಮವಾರ. ಶುಕ್ರವಾರ ವಿಚಾರಣೆ. ನಾಳೆ ಬೆಳಿಗ್ಗೆ ದೊಡ್ಡ ಯಂತ್ರವೇ ಹೋಗ್ಲಿ. ಈ ಹನ್ನೆರಡರ ಮೇಲೂ ರದ್ದು ಅಂತ ಬರೆದು ಪೆಟ್ಟಿಗೆಗೆ ಹಾಕಿ." ಅವರು ಗಾಳಿಯಕ್ಕನ ಕಡೆ ತಿರುಗಿದರು. "ನೀವೇ ಬರೀರಿ. ನಿಮ್ಮ ಅಕ್ಷರ ಚೆನ್ನಾಗಿದೆ."

ಕೊನೆಯ ಮಾತು ಗಾಳಿಯಕ್ಕನಿಗೆ ಚುರುಕ್ಕೆಂದಿತು. ಅಕ್ಷರ ಚೆನ್ನಾಗಿದೆ ಎಂಬ ಮಾತನ್ನು ಅವಳು ಈ ಹಿಂದೆಯೂ ಒಂದು ಕಡೆ ಕೇಳಿದ್ದಳು, ಬೇರೆ ದನಿಯಲ್ಲಿ.

ಈ ಕೆಲಸದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷ. ಊರಿನ ಮಾಳಿಗೆಗಳ ಮೆಟ್ಟಿಲೆಲ್ಲ ಅವಳ ಮೊಣಕಾಲಿಗೆ ಗೊತ್ತು. ಪ್ರಯೋಗಾಲಯದ ವ್ಯಾನು ಓಡಿಸುವವನು ಅವಳ ಗಂಡನೇ. ಇಬ್ಬರೂ ಎರಡು ಕಡೆ ಹಿಡಿದು, ಉಸ್ಸಪ್ಪಾ ಎನ್ನುತ್ತಾ ಮೇಲಕ್ಕೆ ಹೊರುವ ದೊಡ್ಡ ಯಂತ್ರಕ್ಕೆ ಅವನು ಮಾವನವರು ಎಂದು ಹೆಸರಿಟ್ಟಿದ್ದ. "ನಿಮ್ಮಪ್ಪನೂ ಹೀಗೇ ಅಲ್ವೇನೇ? ದಿನವಿಡೀ ಗುರುಗುಟ್ಟೋದು. ಕೊನೆಗೆ ಏನಾಯ್ತು ಅಂತ ಕೇಳಿದ್ರೆ, ಏನಿಲ್ಲ, ಎಲ್ಲಾ ಸರಿಯಾಗಿದೆ ಅನ್ನೋದು."

ಮಾವನವರು ಇಪ್ಪತ್ತನಾಲ್ಕು ಗಂಟೆ ಗಾಳಿ ಎಳೆದು ಇದ್ದಿಲಿನ ಡಬ್ಬಿಯೊಂದರ ಮೂಲಕ ಹಾಯಿಸುತ್ತಿದ್ದರು. ಗಾಳಿಯಲ್ಲಿರುವ ಬಣ್ಣ, ಗೋಂದು, ಪಾಲಿಶುಗಳ ಆವಿ ಆ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಅದನ್ನು ತೊಳೆದು, ಸೋಸಿ, ಉತ್ತರ ಪಡೆಯಲು ಮತ್ತೆ ಎರಡು ದಿನ. ಬರುವುದು ಒಂದೇ ಒಂದು ಅಂಕಿ, ಇಡೀ ದಿನದ ಸರಾಸರಿ. ಹುಡುಗಿಯ ಹೊಸ ವಿಧಾನದಲ್ಲಿ ಈ ರಂಪ ಒಂದೂ ಇಲ್ಲ. ಬೆರಳುದ್ದದ ನಳಿಕೆ, ಒಳಗೆ ಸಾಸಿವೆಯಂಥ ಕಪ್ಪು ಹರಳು, ಅಂಗೈಯಲ್ಲಿ ಅಡಗುವ ಪಂಪು. ಹತ್ತು ನಿಮಿಷ ಎಳೆದರೆ ಸಾಕು. ಆಮೇಲೆ ನಳಿಕೆಯನ್ನೇ ಯಂತ್ರದಲ್ಲಿಟ್ಟು ಕಾಯಿಸಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಅರ್ಧ ಗಂಟೆಯಲ್ಲಿ ಉತ್ತರ.

ಅಷ್ಟು ಚುರುಕಾದ ಉತ್ತರ ಬೇಕಾಗಿದ್ದದ್ದು ಒಂದು ಶಿಶುವಿಹಾರಕ್ಕೆ. ಅದರ ಅಂಗಳದಿಂದ ಎಂಟು ಹೆಜ್ಜೆಗೆ, ಮೇಜುಗಳಿಗೆ ಪಾಲಿಶು ಹೊಡೆಯುವ ಕಾರ್ಖಾನೆಯ ಹಿಂಗೋಡೆ. ಬೆಳಿಗ್ಗೆ ಕೆಲಸಗಾರರು ಟೀಗೆ ಎದ್ದಾಗ ಒಣಗಿಸುವ ಕೋಣೆಯ ಶಟರು ಎತ್ತುತ್ತಾರೆ. ಆ ಕೋಣೆಯ ಹೊಟ್ಟೆಯಲ್ಲಿದ್ದದ್ದೆಲ್ಲ ಇಪ್ಪತ್ತು ನಿಮಿಷ ಅಂಗಳಕ್ಕೆ ಬರುತ್ತದೆ. ಮೂವತ್ತೊಂದು ಮಕ್ಕಳು ತಲೆ ಹಿಡಿದುಕೊಂಡು ಕೂರುತ್ತಾರೆ. ಒಬ್ಬಿಬ್ಬರು ವಾಂತಿ ಮಾಡಿಕೊಳ್ಳುತ್ತಾರೆ. ಶಟರು ಇಳಿದ ಮೇಲೆ ಗಾಳಿ ತಿಳಿಯಾಗುತ್ತದೆ, ದೂರು ನೋಡಲು ಯಾರು ಬಂದರೂ ಆಗ ಅಲ್ಲಿ ಏನೂ ಇರುವುದಿಲ್ಲ.

ಅಲ್ಲಿನ ಟೀಚರ್ ಎರಡು ವರ್ಷದಲ್ಲಿ ಮೂರು ಸಲ ದೂರು ಕೊಟ್ಟಿದ್ದಳು. ಮೂರು ಸಲವೂ ಮಾವನವರು ಶಿಶುವಿಹಾರದ ಮಾಳಿಗೆ ಏರಿ ಗುರುಗುಟ್ಟಿ ಇಳಿದಿದ್ದರು. ಮೂರು ಸಲವೂ 'ಮಿತಿಯೊಳಗಿದೆ' ಎಂಬ ವರದಿ, ಕೆಳಗೆ ಗಾಳಿಯಕ್ಕನ ಸಹಿ. ಕಾರ್ಖಾನೆಯ ಮಾಲೀಕ ಆ ಮೂರನ್ನೂ ಲ್ಯಾಮಿನೇಟ್ ಮಾಡಿಸಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದ. ಈಗ ಅರ್ಜಿ ಅವನದು. ಸುಳ್ಳು ದೂರು ಕೊಟ್ಟು ತನ್ನ ಹೆಸರು ಕೆಡಿಸುತ್ತಿರುವ ಶಿಶುವಿಹಾರದ ಪರವಾನಗಿಯನ್ನು ಕಿತ್ತುಕೊಳ್ಳಬೇಕು. ನಾಲ್ಕನೆಯ ವರದಿಯೂ 'ಮಿತಿಯೊಳಗೆ' ಎಂದರೆ ಶುಕ್ರವಾರ ಸಂಜೆ ಅಲ್ಲಿಗೆ ಬೀಗ ಬೀಳುವುದರಲ್ಲಿ ಅನುಮಾನವಿರಲಿಲ್ಲ.

ಮೂರನೆಯ ವರದಿ ಕೈಗೆ ಕೊಟ್ಟ ದಿನ ಟೀಚರ್ ಅದನ್ನು ಎರಡು ಸಲ ಓದಿ, ಮಡಿಸಿ, "ನಾನು ಸುಳ್ಳುಗಾರ್ತಿ ಅಂತ ಬರ್ಕೊಟ್ರಲ್ಲ ಅಕ್ಕ. ಎಷ್ಟು ಚಂದದ ಅಕ್ಷರ ನಿಮ್ದು," ಎಂದಿದ್ದಳು. ಕೂಗಾಡಿದ್ದರೂ ತಡೆದುಕೊಳ್ಳಬಹುದಿತ್ತು. ಅವಳು ಮೆಲ್ಲಗೆ ಹೇಳಿದ ಆ ಮಾತು ಗಾಳಿಯಕ್ಕನಿಗೆ ಊಟ ಮಾಡುವಾಗಲೂ ಕಿವಿಯಲ್ಲಿ ಕೇಳಿಸುತ್ತಿತ್ತು.

ಮೇಜಿನ ಮೇಲೆ ಹನ್ನೆರಡು ನಳಿಕೆಗಳು ಸಾಲಾಗಿ ಮಲಗಿದ್ದವು. ಗಾಳಿಯಕ್ಕ ಜೇಬಿನಿಂದ ದಪ್ಪ ಮಾರ್ಕರ್ ಪೆನ್ನು ತೆಗೆದಳು. ಇಪ್ಪತ್ತೆರಡು ವರ್ಷದಿಂದ ಇದ್ದಿಲಿನ ಡಬ್ಬಿಗಳ ಮೇಲೆ ಊರು, ತಾರೀಕು, ಹೊತ್ತು ಬರೆದ ಪೆನ್ನಿನ ಜಾತಿ ಅದು. ಮಳೆಗೂ ಅಳಿಯುವುದಿಲ್ಲ. ಒಂದನೆಯ ನಳಿಕೆಯ ಮೇಲೆ, ತಾನೇ ಹಿಂದೆ ಬರೆದಿದ್ದ ಅಂಕಿಯ ಪಕ್ಕ, 'ರದ್ದು' ಎಂದು ಬರೆದಳು. ಎರಡನೆಯದರ ಮೇಲೂ ಬರೆದಳು. ಮೂರನೆಯದಕ್ಕೆ ಬಗ್ಗಿದಾಗ ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಪೆನ್ನನ್ನು ನಿಧಾನವಾಗಿ ಮೂಗಿನ ಹತ್ತಿರ ತಂದಳು.

"ಹುಡುಗಿ," ಎಂದಳು. "ಇಲ್ಲಿ ಬಾ. ಇದನ್ನ ಮೂಸು."

ಹುಡುಗಿ ಮೂಸಿದಳು. ಮೂಸಿ, ನಳಿಕೆಗಳನ್ನು ನೋಡಿದಳು. ನೋಡಿ, ಹಣೆ ಚಚ್ಚಿಕೊಂಡಳು. "ಅಯ್ಯೋ! ಅಕ್ಕ, ಇದರ ಮೇಲೆ ಪೆನ್ನಲ್ಲಿ ಬರೆದ್ರಾ?"

"ಮತ್ತೆ ನೆನಪಿಟ್ಕೊಳ್ಳೋದು ಹೇಗೆ? ಯಾವತ್ತೂ ಬರೆಯೋದೇ ಅಲ್ವಾ?"

ತಪ್ಪು ಇಬ್ಬರದೂ ಆಗಿತ್ತು. ಆ ದಪ್ಪ ಕಬ್ಬಿಣದ ಡಬ್ಬಿಯ ಹೊರಮೈಗೆ ಏನು ಬಳಿದರೂ ಮಾವನವರಿಗೆ ಲೆಕ್ಕವಿರಲಿಲ್ಲ. ಈ ಕೂಸು ಹಾಗಲ್ಲ. ಹೊರಗೆ ಬರೆದ ಎರಡು ಅಂಕಿಯ ಮಸಿಯಿಂದ ಎದ್ದ ಆವಿಯನ್ನೂ ನುಂಗಿ, ಕೇಳಿದಾಗ ಪ್ರಾಮಾಣಿಕವಾಗಿ ಒಪ್ಪಿಸಿತ್ತು. ಹುಡುಗಿ ಪುಸ್ತಕದಲ್ಲಿ ಓದಿದ್ದಳು, ಆದರೆ ಹೇಳಲು ಮರೆತಿದ್ದಳು. ಗಾಳಿಯಕ್ಕ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದ್ದಳು.

"ಸಾಹೇಬ್ರನ್ನ ಕರಿ," ಎಂದಳು ಗಾಳಿಯಕ್ಕ. ಅವಳಿಗೆ ನಾಚಿಕೆಯೂ ಆಗಿತ್ತು, ಕುಣಿಯುವಷ್ಟು ಖುಷಿಯೂ ಆಗಿತ್ತು.

ಸಾಹೇಬರ ಎದುರಿಗೇ ಎರಡು ಹೊಸ ನಳಿಕೆ ಕಾಯಿಸಿದರು. ಏನೂ ಬರೆಯದ ನಳಿಕೆಯ ಗೆರೆ ಕೊನೆಯವರೆಗೂ ಕೆರೆಯ ನೀರಿನಂತೆ ನೆಟ್ಟಗೆ ಮಲಗಿತ್ತು. ಇನ್ನೊಂದರ ಮೇಲೆ ಗಾಳಿಯಕ್ಕ ಮಾರ್ಕರಿನಲ್ಲಿ ಒಂದೇ ಒಂದು ಸೊನ್ನೆ ಸುತ್ತಿದ್ದಳು. ಏಳನೆಯ ನಿಮಿಷಕ್ಕೆ ಗುಡ್ಡ ಎದ್ದಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಒಂದು ಸೊನ್ನೆಗೆ ಇಷ್ಟಾ?"

"ಒಂದು ಸೊನ್ನೆಗೆ, ಸರ್."

ಕನ್ನಡಕ ಮತ್ತೆ ಏರಿಸಿ ಅವರು ಎರಡೂ ಗೆರೆಗಳನ್ನು ಇನ್ನೊಮ್ಮೆ ನೋಡಿದರು. "ನಾಳೆ ಒಂದು ದಿನ," ಎಂದರು ಕೊನೆಗೆ. "ದೊಡ್ಡದೂ ಪಕ್ಕದಲ್ಲೇ ನಡೀಬೇಕು. ಚಿಕ್ಕದನ್ನ ಜೋಡಿಯಾಗಿ ಇಡಿ, ಎರಡೂ ಒಂದೇ ಮಾತು ಹೇಳಬೇಕು. ಖಾಲಿಯದು ಖಾಲಿಯಾಗೇ ಬರಬೇಕು. ಇದ್ರಲ್ಲಿ ಒಂದು ತಪ್ಪಿದ್ರೂ ನಾನು ಮುಟ್ಟಲ್ಲ."

ಮಂಗಳವಾರ ಬೆಳಿಗ್ಗೆ ಏಳಕ್ಕೆ ಮಾವನವರು ಶಿಶುವಿಹಾರದ ಮಾಳಿಗೆ ಏರಿ ಗುರುಗುಟ್ಟತೊಡಗಿದರು. ಕೆಳಗೆ ಅಂಗಳದಲ್ಲಿ, ಮಕ್ಕಳ ಜಾರುಬಂಡೆಯ ಕಂಬಕ್ಕೆ ಗಾಳಿಯಕ್ಕ ಎರಡು ಪುಟ್ಟ ಪಂಪುಗಳನ್ನು ಅಕ್ಕತಂಗಿಯರಂತೆ ಪಕ್ಕಪಕ್ಕ ಕಟ್ಟಿದಳು. ಮಸಿ ಉಜ್ಜಿ, ಕಾಯಿಸಿ ಶುದ್ಧ ಮಾಡಿದ್ದ ಹನ್ನೆರಡು ನಳಿಕೆಗಳು ಹನ್ನೆರಡು ಗಾಜಿನ ಶೀಸೆಗಳಲ್ಲಿದ್ದವು. ಶೀಸೆಯ ಕತ್ತಿಗೆ ದಾರದಲ್ಲಿ ಕಾಗದದ ಚೂರು, ಅದರ ಮೇಲೆ ಸೀಸದಕಡ್ಡಿಯ ಅಂಕಿ. ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿರಲಿಲ್ಲ, ಮುಖಕ್ಕೆ ಪೌಡರೂ ಹಾಕಿರಲಿಲ್ಲ. ಗಂಡನ ಕ್ಷೌರದ ಲೋಷನ್ನನ್ನೂ ಕಸಿದು ಬಚ್ಚಿಟ್ಟಿದ್ದಳು.

ಎರಡು ನಳಿಕೆ ತೆರೆಯದೆ ಇಡಬೇಕು. ಒಳ್ಳೆಯ ಗಾಳಿ ಹೇಗಿದೆ ಎಂದು ತೋರಿಸಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು. ಉಳಿಯುವುದು ನಾಲ್ಕು. ಶಟರು ಎತ್ತಿದ ಮೊದಲ ಹತ್ತು ನಿಮಿಷಕ್ಕೊಂದು ಜೋಡಿ, ನಂತರದ ಹತ್ತಕ್ಕೊಂದು ಜೋಡಿ. ಬೇರೆ ಇಲ್ಲ. ಸಾಹೇಬರ ಆದೇಶದ ಹಾಳೆಯಲ್ಲಿ, ಟೀಚರ್ ಬರೆದುಕೊಟ್ಟಿದ್ದ ಪ್ರಕಾರ, 'ಹತ್ತೂಕಾಲರಿಂದ' ಎಂದಿತ್ತು.

ಹತ್ತೂಕಾಲಾಯಿತು. ಶಟರು ಅಲುಗಲಿಲ್ಲ.

"ಹೊತ್ತಾಯ್ತು ಕಣೇ, ಪಂಪು ಹಾಕು," ಎಂದ ಗಂಡ. "ಕಾಗದದಲ್ಲಿ ಹಾಗೇ ಇದೆ."

"ಕಾಗದಕ್ಕೆ ಮೂಗಿಲ್ಲ. ಸುಮ್ನಿರಿ."

ಹತ್ತೂವರೆ. ಹತ್ತೂ ಮುಕ್ಕಾಲು. ಗೋಡೆಯಾಚೆ ಪಾಲಿಶು ಹೊಡೆಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ, ಏನೋ ಅವಸರದ ಕೆಲಸವಿದ್ದಂತಿತ್ತು. ಟೀಚರ್ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಬೆಳಗಿನಿಂದ ಅವಳು ಗಾಳಿಯಕ್ಕನ ಜೊತೆ ಒಂದೂ ಮಾತಾಡಿರಲಿಲ್ಲ. ಈಗ ತಡೆಯಲಾರದೆ ಹತ್ತಿರ ಬಂದಳು.

"ಅಕ್ಕ, ದಿನಾ ಬರುತ್ತೆ. ನನ್ನಾಣೆ ದಿನಾ ಬರುತ್ತೆ. ಇವತ್ತೇ ಯಾಕೆ…"

"ಬರ್ಲಿ ಬಿಡಿ, ಅದು ಬಂದಾಗ ನಾನು ಇಲ್ಲೇ ಇರ್ತೀನಿ. ಇದು ಮಾವನವರ ಥರ ಅಲ್ಲ, ಕರೆದಾಗ ಏಳುತ್ತೆ." ಹಾಗೆಂದಳೇ ಹೊರತು ಗಾಳಿಯಕ್ಕನ ಕಣ್ಣೂ ಶಟರಿನ ಮೇಲೇ ಇತ್ತು. ಹಾಳೆಯ ಪ್ರಕಾರ ನಡೆದುಕೊಂಡಿದ್ದರೆ ಅವಳನ್ನು ಯಾರೂ ದೂರುತ್ತಿರಲಿಲ್ಲ. ನಾಲ್ಕು ನಳಿಕೆಯಲ್ಲೂ ಒಳ್ಳೆಯ ಗಾಳಿ ತುಂಬಿಕೊಂಡು, ನಾಲ್ಕನೆಯ ಸಲ ಚಂದದ ಅಕ್ಷರದಲ್ಲಿ 'ಮಿತಿಯೊಳಗಿದೆ' ಎಂದು ಬರೆಯಬಹುದಿತ್ತು.

ಹನ್ನೊಂದು ದಾಟಿ ಎಂಟು ನಿಮಿಷ. ಒಳಗಿನಿಂದ ಎರಡು ಜಡೆಯ ಪುಟ್ಟಿಯೊಬ್ಬಳು, "ಟೀಚರ್, ಬಂತೂ!" ಎಂದು ಕೂಗಿದಳು. ಶಟರಿನ ಸದ್ದು ಗಾಳಿಯಕ್ಕನ ಕಿವಿಗೆ ಬಿದ್ದದ್ದು ಆಮೇಲೆ. ಯಾರೂ ಹೇಳಿಕೊಡದೆ ಮಕ್ಕಳು ದಡಬಡ ಎದ್ದು ಕಿಟಕಿಗಳನ್ನು ಎಳೆದು ಮುಚ್ಚಿದರು. ಮುಚ್ಚಿ, ಮೇಜಿಗೆ ಹಣೆಯಿಟ್ಟು, ಮೂಗಿಗೆ ಅಂಗಿಯ ಕಾಲರು ಒತ್ತಿ ಮಲಗಿದರು. ಮೂರು, ನಾಲ್ಕು ವರ್ಷದ ಮಕ್ಕಳು ಅಷ್ಟು ಶಿಸ್ತಾಗಿ ಮಾಡಿದ್ದು ನೋಡಿ ಗಾಳಿಯಕ್ಕನಿಗೆ ಅಳು ಬಂತು. ಅಳಲು ಸಮಯವಿರಲಿಲ್ಲ. ಅವಳ ಬೆರಳು ಆಗಲೇ ಎರಡೂ ಪಂಪಿನ ಗುಂಡಿ ಒತ್ತಿತ್ತು.

ಆ ಇಪ್ಪತ್ತು ನಿಮಿಷ ಅವಳು ಕಂಬದ ಪಕ್ಕ ನಿಂತೇ ಇದ್ದಳು. ಕಣ್ಣು ಉರಿಯಿತು, ಹಣೆಯ ನರ ಟಕಟಕ ಎಂದಿತು. ಈ ಹಿಂದೆ ಮೂರು ಸಲವೂ ಅವಳು ಬೆಳಿಗ್ಗೆ ಯಂತ್ರ ಇಟ್ಟು ಹೋಗಿ, ಮರುದಿನ ಎತ್ತಿಕೊಳ್ಳಲು ಬಂದವಳು. ಈ ಹೊತ್ತಿನಲ್ಲಿ ಇಲ್ಲಿ ನಿಂತದ್ದು ಇದೇ ಮೊದಲು. ಹತ್ತು ನಿಮಿಷಕ್ಕೆ ಮೊದಲ ಜೋಡಿ ತೆಗೆದು ಎರಡನೆಯದನ್ನು ಸಿಕ್ಕಿಸಿದಳು. ಗಂಡ ಕರವಸ್ತ್ರ ಮೂಗಿಗೆ ಹಿಡಿದು ಗಡಿಯಾರ ನೋಡುತ್ತಿದ್ದ.

ಮರುದಿನ ಮಧ್ಯಾಹ್ನದೊಳಗೆ ಹನ್ನೆರಡೂ ನಳಿಕೆಗಳ ಉತ್ತರ ಮೇಜಿನ ಮೇಲಿತ್ತು. ತೆರೆಯದ ಎರಡೂ ಖಾಲಿ. ಬೆಳಗಿನ, ಮಧ್ಯಾಹ್ನದ, ಸಂಜೆಯ ಗಾಳಿಯಲ್ಲಿ ಆವಿ ಒಂದು ಘನ ಮೀಟರಿಗೆ ಹನ್ನೆರಡು ಮೈಕ್ರೋಗ್ರಾಮಿನ ಆಸುಪಾಸು. ಶಟರು ಎತ್ತಿದ ಮೊದಲ ಹತ್ತು ನಿಮಿಷದ್ದು ನಾಲ್ಕು ಸಾವಿರದ ಒಂಬೈನೂರು, ಮುಂದಿನ ಹತ್ತರದ್ದು ಎರಡು ಸಾವಿರದ ಮುನ್ನೂರು. ಜೋಡಿಗಳು ಒಂದರ ಮಾತನ್ನು ಇನ್ನೊಂದು ಚಾಚೂ ತಪ್ಪದೆ ಹೇಳಿದ್ದವು. ಈ ಸಲ ತೆರೆಯ ಮೇಲೆ ಎದ್ದ ಗುಡ್ಡಕ್ಕೆ ತೆರೆಯೇ ಸಾಲದಾಗಿ, ಹುಡುಗಿ ಅಳತೆಯನ್ನು ಎರಡು ಸಲ ಕುಗ್ಗಿಸಬೇಕಾಯಿತು.

ಸಾಹೇಬರು ಮಾತ್ರ ಜಗ್ಗಲಿಲ್ಲ. "ದೊಡ್ಡದರ ಉತ್ತರ ಬರ್ಲಿ. ಎರಡೂ ಬೇರೆಬೇರೆ ಹೇಳಿದ್ರೆ ವಿಚಾರಣೇಲಿ ನಮ್ಮನ್ನ ಹರಿದು ಹಂಚಿಬಿಡ್ತಾರೆ."

ದೊಡ್ಡದರ ಉತ್ತರ ಬಂದದ್ದು ಶುಕ್ರವಾರ ಮಧ್ಯಾಹ್ನ, ವಿಚಾರಣೆಗೆ ಎರಡು ಗಂಟೆ ಇದ್ದಾಗ. ಅರವತ್ತೊಂದು. ಮಿತಿ ನೂರು.

"ಮಿತಿಯೊಳಗೆ," ಎಂದಳು ಕೆಮಿಸ್ಟ್ ಹುಡುಗಿ. ಗಾಳಿಯಕ್ಕ ಸ್ಟೂಲು ಎಳೆದು ಕೂತಳು. ಮಾವನವರು ನಾಲ್ಕನೆಯ ಸಲವೂ ಎಲ್ಲಾ ಸರಿಯಾಗಿದೆ ಎಂದಿದ್ದರು.

ಸಾಹೇಬರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಯಾರನ್ನೂ ಕೇಳದೆ ಗಾಳಿಯಕ್ಕನ ಕಿವಿಯ ಮೇಲಿದ್ದ ಸೀಸದಕಡ್ಡಿಯನ್ನು ಕಿತ್ತುಕೊಂಡು ಹಾಳೆಯ ಹಿಂದೆ ಗೀಚತೊಡಗಿದರು. ಲೆಕ್ಕ ಹಾಕುವಾಗ ಬಾಯಿಬಿಟ್ಟು ಹೇಳಿಕೊಳ್ಳುವುದು ಅವರ ಅಭ್ಯಾಸ. "ಎರಡು ಹತ್ತು ನಿಮಿಷ, ಸರಾಸರಿ ಮೂರು ಸಾವಿರದ ಆರುನೂರು. ದಿನಕ್ಕೆ ಇಪ್ಪತ್ತು ನಿಮಿಷದ ತುಂಡು ಎಷ್ಟು? ಎಪ್ಪತ್ತೆರಡು. ಮೂರು ಸಾವಿರದ ಆರುನೂರನ್ನ ಎಪ್ಪತ್ತೆರಡಕ್ಕೆ ಹಂಚಿದ್ರೆ… ಐವತ್ತು. ಉಳಿದ ಹೊತ್ತಿನ ಗಾಳಿ, ಒಂದು ಹನ್ನೆರಡು ಅಂತಿಟ್ಕೊಳ್ಳಿ. ಐವತ್ತೂ ಹನ್ನೆರಡೂ…"

ಸೀಸದಕಡ್ಡಿ ಹಾಳೆಯ ಮೇಲೇ ನಿಂತಿತು.

"ಅರವತ್ತೆರಡು," ಎಂದಳು ಗಾಳಿಯಕ್ಕ.

"ಅರವತ್ತೆರಡು," ಎಂದರು ಸಾಹೇಬರು. "ದೊಡ್ಡದು ಹೇಳಿದ್ದು ಅರವತ್ತೊಂದು." ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಎರಡೂ ಒಂದೇ ಮಾತು ಹೇಳ್ತಿವೆಯಲ್ರೀ! ದೊಡ್ಡದು ಸುಳ್ಳು ಹೇಳಿಲ್ಲ. ಆ ಇಪ್ಪತ್ತು ನಿಮಿಷಾನ ಇಡೀ ದಿನದ ಗಾಳೀಲಿ ಕದಡಿಬಿಟ್ಟಿದೆ. ಒಂದು ಹಿಡಿ ಉಪ್ಪನ್ನ ಹಂಡೆ ನೀರಿಗೆ ಹಾಕಿ ರುಚಿ ನೋಡಿದ ಹಾಗೆ."

ವರದಿಯ ನಮೂನೆಯಲ್ಲಿ 'ಅಲ್ಪಾವಧಿ' ಎಂಬ ಒಂದು ಕಾಲಮ್ಮು ಮೊದಲಿನಿಂದಲೂ ಇತ್ತು. ಮಿತಿ ಆರುನೂರು ಎಂದು ಅಚ್ಚೂ ಆಗಿತ್ತು. ಅಳೆಯುವ ಉಪಾಯವೇ ಇಲ್ಲದ್ದರಿಂದ ಇಪ್ಪತ್ತೆರಡು ವರ್ಷ ಗಾಳಿಯಕ್ಕ ಅಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದಳು. ಸಾಹೇಬರು ನಮೂನೆಯನ್ನು ಅವಳ ಮುಂದೆ ತಳ್ಳಿದರು. "ಬರೀರಿ." ಅವಳು ಆ ಕಾಲಮ್ಮಿನಲ್ಲಿ ಮೂರು ಸಾವಿರದ ಆರುನೂರು ಎಂದು ಬರೆದಳು. ಅವಸರದಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಕೆಳಗೆ ಅವಳ ಸಹಿಯ ಪಕ್ಕ ಸಾಹೇಬರೂ ಸಹಿ ಹಾಕಿದರು.

ವಿಚಾರಣೆಯ ಕೋಣೆಗೆ ಮಾಲೀಕ ತನ್ನ ಮೂರೂ ಲ್ಯಾಮಿನೇಟ್ ಹಾಳೆಗಳನ್ನು ಎದೆಗವಚಿಕೊಂಡು ಬಂದಿದ್ದ. ಟೀಚರ್ ಮೂಲೆಯ ಬೆಂಚಿನಲ್ಲಿ, ಆಸ್ಪತ್ರೆಯಲ್ಲಿ ಕಾಯುವವಳಂತೆ ಕೂತಿದ್ದಳು. ಇಬ್ಬರ ಕೈಗೂ ಹೊಸ ವರದಿಯ ಪ್ರತಿ ಕೊಟ್ಟರು. ಓದಿದ ಕೂಡಲೇ ಮಾಲೀಕ ಎದ್ದ. "ಅದು ಹೇಗ್ರೀ ಆಗುತ್ತೆ? ಇವೂ ಇವರದೇ ಸಹಿ, ಅದೂ ಇವರದೇ ಸಹಿ. ಒಟ್ಟಾರೆ ಸರಾಸರಿ ಮಿತಿಯೊಳಗೇ ಇದೆ ತಾನೆ?"

ಗಾಳಿಯಕ್ಕ ಬಾಯಿ ತೆರೆಯುವ ಮೊದಲೇ ಸರಾಸರಿ ಸಾಹೇಬರು ಎದ್ದು ನಿಂತಿದ್ದರು. "ಇದೆ, ಖಂಡಿತ ಇದೆ," ಎಂದರು. "ಆದ್ರೆ ಸರಾಸರಿ ಗಾಳೀನ ಯಾರೂ ಉಸಿರಾಡಲ್ಲ ಸ್ವಾಮಿ. ಹನ್ನೊಂದು ಗಂಟೇಲಿ ಹನ್ನೊಂದು ಗಂಟೆ ಗಾಳೀನೇ ಉಸಿರಾಡಬೇಕು." ಆಮೇಲೆ ಗೋಡೆಯ ಹಲಗೆಯ ಬಳಿ ಹೋಗಿ, ಮೇಷ್ಟರಂತೆ ತೋಳು ಮಡಿಸಿ, ಎಪ್ಪತ್ತೆರಡರ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಿದರು. ಹಿಂದಿನ ಬಾಗಿಲಲ್ಲಿ ಇಣುಕುತ್ತಿದ್ದ ವ್ಯಾನಿನ ಡ್ರೈವರು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

ವಿಚಾರಣೆಯ ಅಧ್ಯಕ್ಷೆ ಆ ಮೂರು ಲ್ಯಾಮಿನೇಟ್ ಹಾಳೆಗಳನ್ನು ಕೇಳಿ ಪಡೆದು ಗಾಳಿಯಕ್ಕನ ಮುಂದಿಟ್ಟಳು. "ಇವುಗಳ ಬಗ್ಗೆ ನೀವೇನು ಹೇಳ್ತೀರಿ?"

"ಅಳತೆ ಸರಿ ಇದೆ ಅಮ್ಮ," ಎಂದಳು ಗಾಳಿಯಕ್ಕ. "ಆ ಟೀಚರ್ ಹೇಳಿದ್ದೂ ಸರಿ. ಅವರು ಇಪ್ಪತ್ತು ನಿಮಿಷದ ಬಗ್ಗೆ ಕೇಳಿದ್ರು, ನಾನು ಇಡೀ ದಿನದ ಉತ್ತರ ಕೊಟ್ಟೆ. ಮೂರು ಸಲ ಕೊಟ್ಟೆ. ಅವರು ಒಂದು ಸಲವೂ ಸುಳ್ಳು ಹೇಳಿಲ್ಲ. ಇದನ್ನ ಬರ್ಕೊಳ್ಳಿ, ನಾನು ಸಹಿ ಹಾಕ್ತೀನಿ."

ಗುಮಾಸ್ತ ಬರೆದುಕೊಂಡ, ಅವಳು ಸಹಿ ಹಾಕಿದಳು. ಆವಿ ಸೋಸುವ ಎತ್ತರದ ಚಿಮಣಿ ಕಟ್ಟುವವರೆಗೂ ಹಿಂದಿನ ಶಟರನ್ನು ಬೆಸುಗೆ ಹಾಕಿ ಮುಚ್ಚಬೇಕೆಂದು ಆದೇಶವಾಯಿತು. ಮಾಲೀಕನ ಅರ್ಜಿ ವಜಾ. ಟೀಚರ್ ಎದ್ದು ನಿಲ್ಲಲು ಹೋಗಿ ಮತ್ತೆ ಕೂತುಬಿಟ್ಟಳು. ಮುಖಕ್ಕೆ ಸೆರಗು ಒತ್ತಿಕೊಂಡು ಅಳುತ್ತಿದ್ದವಳು ಗಾಳಿಯಕ್ಕ ಹತ್ತಿರ ಬಂದದ್ದು ಕಂಡು, ಅಳುವಿನ ನಡುವೆಯೇ ನಕ್ಕಳು. "ಅಕ್ಷರ ಈ ಸಲ ಚೆನ್ನಾಗಿಲ್ಲ ಅಕ್ಕ," ಎಂದಳು.

ಶಟರಿಗೆ ಬೆಸುಗೆ ಬಿದ್ದ ಮೇಲೆ, ಮುಂದಿನ ಬುಧವಾರ ಗಾಳಿಯಕ್ಕ ರಜೆ ಹಾಕಿದಳು. ಗಂಡನೂ ಬರುತ್ತೇನೆಂದ. ಇಬ್ಬರೂ ಶಿಶುವಿಹಾರಕ್ಕೆ ಬಸ್ಸಿನಲ್ಲಿ ಹೋದರು. ಹೊರಲು ಏನೂ ಇಲ್ಲದೆ ಅವನ ಕೈಗಳಿಗೆ ಏನು ಮಾಡುವುದೆಂದು ತೋಚದಂತಾಗಿತ್ತು. ಟೀಚರ್ ಅವಳಿಗೊಂದು ಮಕ್ಕಳ ಕುರ್ಚಿ ಹಾಕಿದಳು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಅದರಲ್ಲಿ ಕೂತವಳನ್ನು ನೋಡಲು ಮಕ್ಕಳೆಲ್ಲ ಸುತ್ತ ನೆರೆದರು.

"ಇವತ್ತು ಏನು ಅಳೀತೀರ?" ಎಂದು ಎರಡು ಜಡೆಯ ಪುಟ್ಟಿ ಕೇಳಿದಳು.

"ಏನೂ ಇಲ್ಲ. ಸುಮ್ನೆ ಬಂದೆ."

ಗೋಡೆಯಾಚೆ ಪಾಲಿಶಿನ ಸದ್ದು ನಿಂತಿತು. ಕೆಲಸಗಾರರು ಟೀಗೆ ಎದ್ದಿರಬೇಕು, ಮುಂಬಾಗಿಲ ಕಡೆಯಿಂದ ಅವರ ಮಾತು, ನಗು ಕೇಳಿಸಿತು. ಆ ಹೊತ್ತಿಗೆ ಬೀದಿಯ ಕಡೆಯಿಂದ ಜೋರಾಗಿ ಗಾಳಿ ಎದ್ದು ಒಳಗೆ ನುಗ್ಗಿತು. ಗೋಡೆಗೆ ಅಂಟಿಸಿದ್ದ ಚಿತ್ರಗಳೆಲ್ಲ ಒಮ್ಮೆಲೇ ಪಟಪಟ ಹೊಡೆದುಕೊಂಡವು. "ನಂದು! ನಂದು!" ಎಂದು ಕಿರುಚುತ್ತಾ ಮೂವತ್ತೊಂದು ಮಕ್ಕಳು ಗೋಡೆಗೆ ಓಡೋಡಿ, ತಂತಮ್ಮ ಚಿತ್ರದ ಮೇಲೆ ಅಂಗೈ ಒತ್ತಿ ಹಿಡಿದು ನಿಂತರು. ಕಿಟಕಿ ಮುಚ್ಚಲು ಯಾರೂ ಹೋಗಲಿಲ್ಲ.